ಮುಂದೆ ಹೋದವನು ಹಿಂದಿನಿಂದ ಬಂದದ್ದು

ಚಿಕ್ಕಬಳ್ಳಾಪುರ
೧೭ ನವೆಂಬರ್ ೨೦೨೫, ಸೋಮವಾರ ಸಂಜೆ

ನಲವತ್ತು ವರ್ಷದ ಗೆಳೆಯನೂ ನಿನ್ನೆಯಿಂದ ಅನುಮಾನದ ಆಸಾಮಿಯೂ ಆದ ಗಣೇಶ್ ಪ್ರಸಾದನಿಗೆ,

ವರದರಾಜ ಮಾಡುವ ನಮಸ್ಕಾರ. ಈ ನಮಸ್ಕಾರ ಕೈಗೆ ಅಭ್ಯಾಸವಾಗಿದೆ, ತಾನಾಗಿ ಬಂತು. ಅದನ್ನು ನೋಡಿ ಬೀಗಬೇಡ.

ಪಕ್ಕದ ಬೀದಿಯವನಿಗೆ ಕಾಗದ ಯಾಕೆ ಎಂದು ನೀನು ನಗುತ್ತಿರುತ್ತೀಯ. ಎದುರಿಗೆ ಬಂದರೆ ಮಾತು ತೇಲಿಸುತ್ತೀಯ, ಫೋನ್ ಮಾಡಿದರೆ 'ಚಾರ್ಜ್ ಇಲ್ಲ ಕಣೋ, ಆಮೇಲೆ ಮಾಡ್ತೀನಿ' ಅನ್ನುತ್ತೀಯ. ಈ ಚಾರ್ಜಿನ ವಿಷಯಕ್ಕೂ ಬರುತ್ತೇನೆ. ಮೂವತ್ತೊಂದು ವರ್ಷ ಶಿಡ್ಲಘಟ್ಟದ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ನಾನು. ಉತ್ತರ ಸರಿಯಿದ್ದರೂ ದಾರಿ ತಪ್ಪಿದ್ದರೆ ಅಂಕ ಕೊಟ್ಟವನಲ್ಲ. ನಿನ್ನ ದಾರಿ ಎಲ್ಲಿ ತಪ್ಪಿದೆ ಎಂಬುದನ್ನು ಸಾಲು ಸಾಲಾಗಿ ತೋರಿಸುತ್ತೇನೆ, ಕೂತು ಓದು.

ಶನಿವಾರ ನಿನ್ನ ಮೇಲೆ ನನಗೆ ಯಾವ ಅನುಮಾನವೂ ಇರಲಿಲ್ಲ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ನಾವು ನಾಲ್ಕು ಜನ ಸೈಕಲ್ ಬಿಟ್ಟೆವು. ಭಾನುಪ್ರಿಯಾ ಮೊದಲು ಬಂದಳು. ಆ ಹುಡುಗಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೋ ಅಥವಾ ಮಹಡಿ ಮೆಟ್ಟಿಲು ಹತ್ತಿ ಇಳಿಯುವುದೇ ಅವಳ ಕೆಲಸವೋ ದೇವರೇ ಬಲ್ಲ. ಎರಡನೆಯವನು ಮೆಡಿಕಲ್ ಶಾಪಿನ ಮೋಹನ್‌ಬಾಬು. ಮೂರನೆಯವನು ನಾನು. ನೀನು ಏದುಸಿರು ಬಿಡುತ್ತಾ, ಮಂಡಿ ಹಿಡಿದುಕೊಂಡು, ಎಲ್ಲರೂ ಎರಡನೇ ಕಾಫಿ ಕುಡಿದ ಮೇಲೆ ಬಂದೆ. ಐವತ್ತೇಳು ವರ್ಷದ ವಿಮಾ ಕಚೇರಿ ಗುಮಾಸ್ತ ಹೇಗೆ ಬರಬೇಕೋ ಹಾಗೇ ಬಂದೆ.

ಅದೇ ಮನುಷ್ಯ ಭಾನುವಾರ ಬೆಳಿಗ್ಗೆ ಚಿಂತಾಮಣಿಯಲ್ಲಿ ಟೆಂಪೋದಿಂದ ಸೈಕಲ್ ಇಳಿಸಿದ್ದೇ ತಡ, ಬೆನ್ನಿಗೆ ಬೆಂಕಿ ಬಿದ್ದವನ ಹಾಗೆ ಓಡಿದ. ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಮುಂದೆ ನೀನು ಭಾನುಪ್ರಿಯಾಳಿಗಿಂತ ಮುಂದಿದ್ದೆ. ಅವಳೇ ಕಣ್ಣಾರೆ ಕಂಡಿದ್ದಾಳೆ. ಅಲ್ಲಿಂದ ಮುಂದಕ್ಕೆ ಮೇಲೂರು, ಆಮೇಲೆ ಪಂದ್ಯ ಮುಗಿಯುವ ವಿಜಯಪುರ, ಅಲ್ಲಿಂದ ಎಲ್ಲರೂ ಒಟ್ಟಿಗೆ ಚಿಕ್ಕಬಳ್ಳಾಪುರಕ್ಕೆ. ಇದೊಂದೇ ರಸ್ತೆ. ದಾರಿಯಲ್ಲಿ ನಾವು ಮೂವರೂ ನಿನ್ನನ್ನು ಹಿಂದೆ ಹಾಕಲಿಲ್ಲ. ಆದರೂ ವಿಜಯಪುರದಲ್ಲಿ ನೀನು ಎಲ್ಲರಿಗಿಂತ ಕೊನೆಗೆ, ನಮ್ಮ ಹಿಂದಿನಿಂದ, ಶಿಳ್ಳೆ ಹಾಕಿಕೊಂಡು ಬಂದೆ. ಮುಂದೆ ಹೋದವನು ಹಿಂದಿನಿಂದ ಹೇಗೆ ಬಂದ? ಕೇಳಿದರೆ 'ನಿಮ್ ಹಿಂದೇನೇ ಇದ್ನಲ್ಲೋ, ನಿಂಗೆ ಕಣ್ ಕಾಣ್ಸಲ್ವಾ' ಅಂದೆ. ಎಂಥಾ ಧೈರ್ಯ ನಿನ್ನದು!

ಎಲ್ಲರೂ ಉಪ್ಪಿಟ್ಟಿಗೆಂದು ನಮ್ಮ ಮನೆಗೆ ಬಂದ ಮೇಲೆ ಪಂದ್ಯದ ನೋಟ್‌ಬುಕ್ ತೆಗೆದೆ. ಜೂನ್‌ನಿಂದ ಹದಿನೈದು ದಿನಕ್ಕೊಮ್ಮೆಯಂತೆ, ಮಳೆಗೆ ತಪ್ಪಿದ್ದು ಬಿಟ್ಟು, ಹತ್ತು ಸಲ ಈ ದಾರಿಯಲ್ಲಿ ಓಡಿಸಿದ್ದೇವೆ. ಹತ್ತು ಸಲವೂ ಶಿಡ್ಲಘಟ್ಟಕ್ಕೆ ನೀನೇ ಮೊದಲು, ವಿಜಯಪುರಕ್ಕೆ ನೀನೇ ಕಡೆ. ಆರು ಸಲ ಪಂಕ್ಚರ್, ಮೂರು ಸಲ ಹೊಟ್ಟೆ ನೋವು, ನಿನ್ನೆ ಮಾತ್ರ ನನ್ನ ಕಣ್ಣಿನ ದೋಷ. ಮೋಹನ್‌ಬಾಬು ಮೊಬೈಲಿನಲ್ಲಿ ನಾಲ್ವರು ಹೋದ ದಾರಿಯ ನಕ್ಷೆ ತೋರಿಸಿದ. ಮೂರು ಗೆರೆ ಚಿಕ್ಕಬಳ್ಳಾಪುರ ಮುಟ್ಟಿವೆ. ನಿನ್ನ ಗೆರೆ ಹತ್ತು ಸಲವೂ ಮೇಲೂರಿನ ಹತ್ತಿರ ನಿಂತುಹೋಗಿದೆ. ಚಾರ್ಜ್ ಮುಗಿಯುವುದಕ್ಕೂ ಅದೇ ಊರು ಬೇಕಾಯಿತೇ?

ಮೊದಲು ಸೈಕಲ್ಲಿಗೆ ಗುಟ್ಟಾಗಿ ಬ್ಯಾಟರಿ ಹಾಕಿಸಿದ್ದೀಯ ಅಂದುಕೊಂಡೆ. ನೀನು ನಮ್ಮ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದಾಗ ಸೀಟು ಬಿಚ್ಚಿ ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ಹೌದು, ನೋಡಿದೆ. ಏನೂ ಇರಲಿಲ್ಲ. ಸೀಟು ಒಂದು ಬೆರಳು ಕೆಳಗಾಗಿದ್ದರೆ ಅದಕ್ಕೆ ನಾನೇ ಕಾರಣ. ಆಮೇಲೆ, ಯಾರೋ ಹೆಂಗಸಿನ ಸಹವಾಸ ಇರಬಹುದು ಅನಿಸಿತು. ಕಟ್ಟಿಕೊಂಡವಳಲ್ಲವೇ ಎಂದು ಸಾವಿತ್ರಿಗೆ ಹೇಳಿದೆ. 'ಅವರಿಗಾ? ಥೂ, ನಿಮ್ಮ ಬಾಯಿಗಿಷ್ಟು' ಎಂದು ಅಡುಗೆಮನೆಗೆ ಹೋಗಿ ನಕ್ಕಳು. ಆ ನಗು ಸ್ವಲ್ಪ ಜಾಸ್ತಿಯಾಗಿತ್ತು. ಅದನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ನೀನು ಸಿಕ್ಕಿಬಿದ್ದದ್ದು ಉಪ್ಪಿಟ್ಟಿನ ತಟ್ಟೆಯ ಮುಂದೆ. ಶೂ ಬಿಚ್ಚಿ ಚಕ್ಕಳಮಕ್ಕಳ ಹಾಕಿ ಕೂತೆಯಲ್ಲ, ನಿನ್ನ ಕಾಲುಚೀಲದ ಅಡಿ ಬೆಳ್ಳಗಿತ್ತು. ಶೂ ಮೇಲೆ ಧೂಳು, ಒಳಗಿನ ಕಾಲುಚೀಲಕ್ಕೆ ಸುಣ್ಣ! ಅಂದರೆ ಪಂದ್ಯದ ಮಧ್ಯೆ ಶೂ ಬಿಚ್ಚಿ ಎಲ್ಲೋ ಒಳಗೆ ಹೋಗಿದ್ದೀಯ. ನಿನ್ನ ಪಕ್ಕ ಬಗ್ಗಿ ನೀರಿನ ಲೋಟ ಇಟ್ಟಾಗ ಬ್ಲೀಚಿಂಗ್ ಪುಡಿಯ ವಾಸನೆಯೂ ಮೂಗಿಗೆ ಬಡಿಯಿತು. ಬೇರೆ ಊರಿನವನಾಗಿದ್ದರೆ ಗೊತ್ತಾಗುತ್ತಿರಲಿಲ್ಲವೇನೋ. ನನ್ನ ತರಗತಿಯ ಅರ್ಧ ಮಕ್ಕಳು ಬೆಳಿಗ್ಗೆ ಸೊಪ್ಪು ಹಾಕಿ ಅದೇ ಬಿಳಿ ಕಾಲಲ್ಲಿ ಸ್ಕೂಲಿಗೆ ಬರುತ್ತಿದ್ದವರು. ರೇಷ್ಮೆ ಹುಳಕ್ಕೆ ರೋಗ ತಗಲಬಾರದೆಂದು ಹುಳದ ಮನೆಯ ಬಾಗಿಲಲ್ಲಿ ಸುಣ್ಣವನ್ನೂ ಬ್ಲೀಚಿಂಗನ್ನೂ ಬೆರೆಸಿ ಚೆಲ್ಲಿರುತ್ತಾರೆ. ಅದನ್ನು ತುಳಿಯದೆ ಒಳಗೆ ಕಾಲಿಡುವ ಹಾಗಿಲ್ಲ.

ಮೇಲೂರಿನಲ್ಲಿ ಹುಳದ ಮನೆ ನೂರಿರಬಹುದು. ನನಗೆ ಗೊತ್ತಿರುವುದು ಒಂದು. ನಿನಗೂ ಅದೊಂದೇ.

ಆ ಊರಿನಲ್ಲಿ ನಾನು ತಲೆ ಎತ್ತದೆ ಪೆಡಲ್ ತುಳಿಯುತ್ತೇನೆ. ಯಾಕೆಂದು ನೀನೊಬ್ಬನೇ ಯಾವತ್ತೂ ಕೇಳಿಲ್ಲ. ಪ್ರಿಯಂವದಾ ಮೇಲೂರಿನ ನರೇಂದ್ರನನ್ನು ಮದುವೆಯಾಗುತ್ತೇನೆ ಅಂದಾಗ ನಾನು ಅಡ್ಡ ಬರಲಿಲ್ಲ, ನಿನ್ನ ಮುಂದೆಯೇ ಧಾರೆ ಎರೆದೆ. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅವಳು ಸರ್ಕಾರಿ ಹೈಸ್ಕೂಲಿನ ನೌಕರಿಗೆ ರಾಜೀನಾಮೆ ಕೊಟ್ಟು ಅತ್ತೆಯ ಜೊತೆ ಹುಳ ಸಾಕುತ್ತೇನೆ ಅಂದಾಗ. ಆ ಮನೆಯ ನಡುವೆ ನಿಂತು, ಅವಳ ಅತ್ತೆ ರಾಮಲಕ್ಷ್ಮಮ್ಮನ ಎದುರಿಗೇ, 'ಹುಳದ ಕಸ ಗುಡಿಸೋಳು ನನ್ನ ಮಗಳಲ್ಲ' ಅಂದೆ. ಎರಡು ವರ್ಷವಾಯಿತು. ಅವಳೂ ಬರಲಿಲ್ಲ, ನಾನೂ ಹೋಗಲಿಲ್ಲ. ನನ್ನ ಮಗಳಲ್ಲವೇ, ನನ್ನ ಹಟವೇ ಬಂದಿದೆ.

ಅಂಥ ಮನೆಗೆ ನೀನು ಕದ್ದು ಹೋಗುತ್ತೀಯ! ನಿನ್ನೆ ಪೂರ್ತಿ ನನ್ನ ತಲೆಯಲ್ಲಿ ಕುದಿದದ್ದು ಇದೇ. ಅಲ್ಲಿ ಕೂತು ನನ್ನ ವಿಷಯ ಏನೇನು ಆಡುತ್ತೀಯ? 'ನಿಮ್ಮಪ್ಪ ಹಾಗೇ ಬಿಡಮ್ಮ, ಮುಂಗೋಪಿ' ಎಂದು ನಗಿಸುತ್ತೀಯೋ? ನನ್ನ ಬಿಪಿ ಮಾತ್ರೆಯ ಲೆಕ್ಕ ಒಪ್ಪಿಸುತ್ತೀಯೋ? ಕಾಕಡ ಮಲ್ಲಿಗೆ ಗಿಡದ ಹತ್ತಿರ ಕುರ್ಚಿ ಹಾಕಿಸಿಕೊಂಡು ನನ್ನ ಮಗಳ ಕೈಯ ಕಾಫಿ ಕುಡಿಯುತ್ತೀಯೋ? ಹೊಟ್ಟೆಕಿಚ್ಚಾಯಿತು ಕಣೋ. ಮುಚ್ಚಿಡುವುದೇನು, ಹೊಟ್ಟೆಕಿಚ್ಚೇ.

ಇವತ್ತು ಸ್ಕೂಲಿಗೆ ರಜೆ ಹಾಕಿದೆ. ಸಾವಿತ್ರಿಗೆ ಹೇಳದೆ ಬಸ್ ಹತ್ತಿದೆ. ಮೇಲೂರಿನಲ್ಲಿ ಇಳಿದು, ಅವರ ಮನೆಯ ಎದುರು ನಿಂತಿದ್ದ ಕ್ಯಾರೆಟ್ ಟೆಂಪೋದ ಮರೆಯಲ್ಲಿ ಫೋನ್ ಕಿವಿಗಿಟ್ಟುಕೊಂಡು ಯಾರ ಜೊತೆಗೂ ಮಾತಾಡದೆ ಮಾತಾಡುತ್ತಾ ನಿಂತೆ. ಟೆಂಪೋ ಹೊರಟುಹೋಯಿತು. ನಡುಬೀದಿಯಲ್ಲಿ ನಾನೊಬ್ಬನೇ ಉಳಿದೆ.

ರಾಮಲಕ್ಷ್ಮಮ್ಮ ನೋಡಿಬಿಟ್ಟರು. ಇನ್ನು ಓಡುವ ಹಾಗಿಲ್ಲ. ಹುಳದ ಮನೆಯ ಕಡೆ ಹೆಜ್ಜೆ ಹಾಕಿದೆ. ಅವರು ಕೈ ಅಡ್ಡ ಹಿಡಿದರು. 'ಅಯ್ಯೋ ದೇವುಡಾ, ಅಲ್ಲೇ ನಿಂತ್ಕಳಿ ಮೇಷ್ಟ್ರೇ. ಹುಳ ನಾಲ್ಕನೇ ಜ್ವರಕ್ಕೆ ಕುಂತವೆ, ಹೊರಗ್ನೋರ್ನ ಬಿಡಲ್ಲ' ಅಂದರು. ಹುಳ ಪೊರೆ ಬಿಡಲು ಮೇವು ಬಿಟ್ಟು ಕೂರುವುದಕ್ಕೆ ಜ್ವರ ಅನ್ನುತ್ತಾರೆ, ಅಷ್ಟು ನನಗೂ ಗೊತ್ತು. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ! 'ನಿನ್ನೆ ಗಣೇಶ ಬಂದಿದ್ದನಲ್ಲ, ಅವನನ್ನ ಬಿಟ್ರಲ್ಲ' ಅಂದೆ. ಆಯಮ್ಮ ನನ್ನನ್ನೇ ನೋಡಿ, 'ಅವ್ರು ಹೊರಗ್ನೋರಾ ಮೇಷ್ಟ್ರೇ?' ಅಂದರು.

ಸಿಟ್ಟಿನಿಂದ ಕೇಳಿದ್ದಲ್ಲ, ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದರು. ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದೆ.

ದನಿ ಕೇಳಿ ಪ್ರಿಯಂವದಾ ಹೊರಗೆ ಬಂದಳು. ಕಪ್ಪಗಾಗಿದ್ದಾಳೆ. ಸೊಪ್ಪಿನ ಕುಡುಗೋಲು ಕೈಯಲ್ಲೇ ಇತ್ತು. ನನ್ನನ್ನು ಕಂಡ ತಕ್ಷಣ, 'ಅಮ್ಮಂಗೇನಾಯ್ತಪ್ಪ?' ಎಂದು ಕಿರುಚಿದಳು. ನೋಡು ಗಣೇಶ, ಅಪ್ಪ ಬಾಗಿಲಿಗೆ ಬಂದರೆ ಅಮ್ಮ ಸತ್ತಿರಬೇಕು, ಹಾಗಂದುಕೊಂಡಳು ನನ್ನ ಮಗಳು. ಅವಳನ್ನು ನಾನು ಎಲ್ಲಿಗೆ ತಂದು ನಿಲ್ಲಿಸಿದ್ದೇನೆ! 'ಏನಿಲ್ಲಮ್ಮ, ಚೆನ್ನಾಗಿದ್ದಾಳೆ, ಬಸ್ಸು ಕೆಟ್ಟುಹೋಯಿತು, ಅದಕ್ಕೇ ಇಳಿದೆ' ಅಂದೆ. ಹಿಂದೆ ಅದೇ ಬಸ್ಸು ವಾಪಸ್ ಟ್ರಿಪ್ಪಿನಲ್ಲಿ ಹಾರ್ನ್ ಮಾಡಿಕೊಂಡು ಹೋಯಿತು.

ಅವಳು ಕುಡುಗೋಲು ಕೆಳಗಿಟ್ಟು ಅಲ್ಲೇ ಜಗಲಿಯ ಮೇಲೆ ಕೂತು ಅಳುವುದಕ್ಕೆ ಶುರುಮಾಡಿದಳು. ಅಳುತ್ತಲೇ ಬೈದಳು. 'ಗಣೇಶ್ ಮಾವ ಬಂದಾಗೆಲ್ಲಾ ಅವ್ರ ಕೈಲಿ ಹೇಳಿ ಕಳಿಸ್ತೀಯ, ಮೆಂತ್ಯದ ಹಿಟ್ಟು ಕಳಿಸ್ತೀಯ, ಹುಳ ಹೆಂಗಿವೆ ಅಂತ ಕೇಳ್ತೀಯ. ನೀನೇ ಬರಕ್ಕೇನಾಗಿತ್ತಪ್ಪ?' ಅಂದಳು.

ನಾನು? ನಾನು ಯಾವತ್ತು ಹೇಳಿ ಕಳಿಸಿದೆ? ಯಾವತ್ತು ಹುಳದ ಆರೋಗ್ಯ ವಿಚಾರಿಸಿದೆ? ಹಿಂದಿನ ಸಲದ ಗೂಡಿಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಹೆಸರು ಬಂತೆಂದು ಕೇಳಿ ನಾನು ಇಡೀ ಸ್ಕೂಲಿಗೆ ಪೇಡ ಹಂಚಿದೆನಂತೆ! ಆಗ ತಿಳಿಯಿತು, ಪಂದ್ಯದ ದಿನ ನಿನ್ನ ಅಂಗಿಯ ಬೆನ್ನಿನ ಜೇಬು ಹೋಗುವಾಗ ಯಾಕೆ ಉಬ್ಬಿರುತ್ತದೆ, ಬರುವಾಗ ಯಾಕೆ ಚಪ್ಪಟೆಯಾಗಿರುತ್ತದೆ ಎಂದು. ಹಿಟ್ಟು ಹುರಿದವಳು ನನ್ನ ಹೆಂಡತಿ, ಹೊತ್ತವನು ನೀನು, ಹೆಸರು ನನ್ನದು. ನನ್ನ ಬೆನ್ನ ಹಿಂದೆ, ನನ್ನ ಮನೆಯೊಳಗೇ!

ಇಷ್ಟಕ್ಕೇ ಮುಗಿಯಲಿಲ್ಲ. ಕಣ್ಣೊರೆಸಿಕೊಂಡು ಕೊನೆಗೆ ಅಂದಳು: 'ಅವತ್ತಂದಿದ್ದಕ್ಕೆ ಕ್ಷಮೆ ಕೇಳಿ ಕಳಿಸಿದ್ಯಲ್ಲ, ನಂಗಷ್ಟೇ ಸಾಕಿತ್ತು. ಅದನ್ನ ನಾನು ಅತ್ತೆಗೂ ಹೇಳ್ದೆ.'

ಐವತ್ತೆಂಟು ವರ್ಷದಲ್ಲಿ ಹೆಂಡತಿ, ಹೆಡ್‌ಮಾಸ್ಟರು, ದೇವರು, ಯಾರ ಹತ್ತಿರವೂ ಕ್ಷಮೆ ಕೇಳಿದವನಲ್ಲ ನಾನು. ಮೊದಲನೇ ಸಲ ಕೇಳಿದ್ದೇನೆ, ಆಗ ನಾನೇ ಅಲ್ಲಿರಲಿಲ್ಲ.

ಇಲ್ಲಮ್ಮ, ಅದೆಲ್ಲ ಗಣೇಶನ ಸುಳ್ಳು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಲೆಕ್ಕದ ಮೇಷ್ಟ್ರು, ನಿಜ ಹೇಳಿಯೇ ಅಭ್ಯಾಸ. ಆದರೆ ಅವಳು ನನ್ನ ಕೈಗೆ ನೀರಿನ ಚೊಂಬು ಕೊಟ್ಟು ಪಕ್ಕದಲ್ಲಿ ಜಾಗ ಬಿಟ್ಟು ಕೂತಿದ್ದಳು. ಸುಮ್ಮನೆ ನೀರು ಕುಡಿದೆ. ಪೂರ್ತಿ ಚೊಂಬು ಕುಡಿದೆ. ಹೊರಡುವಾಗ, 'ಭಾನುವಾರ ಬಾ. ಅಷ್ಟೊತ್ತಿಗೆ ಹುಳ ಜ್ವರದಿಂದ ಎದ್ದು ದೊಡ್ಡ ಮೇವಿಗೆ ಬಿದ್ದಿರ್ತವೆ, ಸೊಪ್ಪು ಕುಯ್ಯಕ್ಕೆ ಕೈ ಸಾಲಲ್ಲ' ಅಂದಳು. ಕರೆದದ್ದು ಊಟಕ್ಕಲ್ಲ, ಕೆಲಸಕ್ಕೆ. ರಾಮಲಕ್ಷ್ಮಮ್ಮ, 'ಹಳೇ ಬಟ್ಟೆ ಹಾಕ್ಕಂಡ್ ಬನ್ನಿ' ಅಂದರು.

ವಾಪಸ್ ಬರುವಾಗ ಬಸ್ಸಿನ ಕಿಟಕಿಯಲ್ಲಿ ಆ ರಸ್ತೆ ನೋಡಿದೆ. ಹಿಂದೆ ಉಳಿದು ಮೇಲೂರಿನಲ್ಲೂ ನಿಂತರೆ ತೀರಾ ತಡವಾಗುತ್ತದೆ, ನಾನು ನಿನ್ನನ್ನು ಹುಡುಕಿಕೊಂಡು ವಾಪಸ್ ಬರುತ್ತೇನೆ, ಅದು ನಿನಗೆ ಗೊತ್ತು. ಅದಕ್ಕೇ ಮುಂದೆ ಓಡಿದೆ. ಸವೆದ ಮಂಡಿ ಇಟ್ಟುಕೊಂಡು ಚಿಂತಾಮಣಿಯಿಂದ ಎದೆ ಒಡೆಯುವ ಹಾಗೆ ತುಳಿದು ಹತ್ತು ಹನ್ನೆರಡು ನಿಮಿಷ ಗಳಿಸುತ್ತಿದ್ದೆ, ಅದನ್ನು ನನ್ನ ಮಗಳ ಜಗಲಿಯಲ್ಲಿ ನನ್ನ ಹೆಸರಿನಲ್ಲಿ ಕಳೆಯುತ್ತಿದ್ದೆ. ನಾನಾಗಿದ್ದರೆ ನಿನಗೋಸ್ಕರ ಇಷ್ಟು ಮಾಡುತ್ತಿದ್ದೆನೋ ಇಲ್ಲವೋ, ನನಗೆ ನನ್ನ ಮೇಲೆಯೇ ಅನುಮಾನ.

ಆದರೂ ನೀನು ಮಾಡಿದ್ದು ಮೋಸವೇ. ನಿಲ್ಲಬಾರದೆಂಬುದು ನಮ್ಮ ಪಂದ್ಯದ ಮೊದಲನೇ ನಿಯಮ, ನಾನೇ ಬರೆದದ್ದು. ಹತ್ತು ಪಂದ್ಯದಿಂದಲೂ ನಿನ್ನ ಹೆಸರು ಹೊಡೆದುಹಾಕಿದ್ದೇನೆ. ಮೇಲ್ಮನವಿಗೆ ಅವಕಾಶವಿಲ್ಲ.

ಈ ಕಾಗದವನ್ನು ಸಾವಿತ್ರಿಯ ಕೈಯಲ್ಲೇ ಕಳಿಸುತ್ತಿದ್ದೇನೆ. ನಿಮ್ಮಿಬ್ಬರ ನಡುವಿನ ಅಂಚೆ ಐದು ತಿಂಗಳಿಂದ ಚೆನ್ನಾಗಿ ನಡೆದಿದೆ ಎಂದು ಕಾಣುತ್ತದೆ. ಅವಳು ಒಡೆದು ಓದದೆ ಕೊಟ್ಟರೆ ಅದೇ ಆಶ್ಚರ್ಯ.

ಬೈಯುವುದು ಇನ್ನೂ ಬಾಕಿ ಇರುವ ನಿನ್ನ,
ವರದರಾಜ

ತಾ.ಕ.: ಉತ್ತರ ಬರವಣಿಗೆಯಲ್ಲೇ ಬೇಕು, ಶನಿವಾರದೊಳಗೆ. ಜೂನ್‌ನಿಂದ ಇಲ್ಲಿಯವರೆಗೆ ನಾನು ಅವಳಿಗೆ ಏನೇನು ಹೇಳಿ ಕಳಿಸಿದ್ದೇನೆ, ಒಂದೂ ಬಿಡದೆ ತಾರೀಖಿನ ಸಮೇತ ಬರೆದುಕೊಡು, ಬಾಯಿಪಾಠ ಮಾಡಿಕೊಳ್ಳಬೇಕು. ಕ್ಷಮೆ ಕೇಳಿದ ಮಾತನ್ನು ಮಾತ್ರ ಇದ್ದ ಹಾಗೇ ಬರೆ. ಕೇಳುವಾಗ ನಾನು ಅತ್ತೆನೋ ಇಲ್ಲವೋ, ಅದನ್ನೂ.