ನೀರು ತಾಗದ ಸೂಜಿ

ಸಬ್ಹಾನ್, ಕುವೈತ್
20 ಆಗಸ್ಟ್ 1991

ಮಗು ಪೃಥ್ವಿ, ಎಲ್ಲಿದ್ದರೂ ಚೆನ್ನಾಗಿರು.

ನಿನ್ನ ಕಾಗದ ತಲುಪಿತು. ಜರ್ಮನಿಯ ಇಂಜಿನ್ ಸಂಶೋಧನಾಲಯದವರು ನಿನ್ನನ್ನು ಕರೆದಿದ್ದಾರೆ ಎಂದು ಓದಿ ವರ್ಕ್‌ಶಾಪಿನವರಿಗೆಲ್ಲ ಚಹಾ ಕುಡಿಸಿದೆ. ನನ್ನ ತಮ್ಮನ ಮಗ ವಿಮಾನಕ್ಕೆ ಡೀಸೆಲ್ ಇಂಜಿನ್ ಮಾಡುತ್ತಾನೆ ಎಂದರೆ ಜೊತೆಯ ಮೆಕ್ಯಾನಿಕ್ ಬೊನವೆಂಚರ್ ನಂಬಲೇ ಇಲ್ಲ. "ಡೀಸೆಲ್ ಹಾಕಿ ಹಾರುವುದಾ ಮಾರಾಯ್ರೆ? ಲಾರಿಗೆ ರೆಕ್ಕೆ ಕಟ್ಟುವುದಾ?" ಎಂದು ನಕ್ಕ. ಅರವತ್ತು ವರ್ಷದ ಹಿಂದೆಯೇ ಹಾರಿಸಿದ್ದಾರೆ ಕಣಯ್ಯಾ ಎಂದೆ.

ಇಲ್ಲಿ ಫಿಂಟಾಸ್‌ನಲ್ಲಿದ್ದ ನಮ್ಮ ಮನೆಯ ಗ್ಯಾರೇಜಿನಲ್ಲಿ ಶುಕ್ರವಾರಗಳಂದು ನಾವಿಬ್ಬರೂ ಕೂರುತ್ತಿದ್ದುದು ನಿನಗೆ ನೆನಪಿರಬೇಕು. ನಾನು ಕಾಲೇಜು ಕಂಡವನಲ್ಲ. ಜನರೇಟರ್ ಬಿಚ್ಚುತ್ತ, ರದ್ದಿಗೆ ಬಂದ ಪತ್ರಿಕೆಗಳ ಚಿತ್ರ ನೋಡುತ್ತ ಕಲಿತದ್ದನ್ನೇ ನಿನಗೆ ಹೇಳುತ್ತಿದ್ದೆ. ಡೀಸೆಲ್ ಸಾಹೇಬನ ಮೊದಲ ಇಂಜಿನ್ ಆಳಿಗಿಂತ ಎತ್ತರವಿತ್ತು. ಎಣ್ಣೆಯನ್ನು ಒಳಗೆ ಊದಲು ಗಾಳಿ ಒತ್ತುವ ಇನ್ನೊಂದು ಯಂತ್ರ ಬೇಕಾಗುತ್ತಿತ್ತು. ಆ ಭಾರ ಹೊತ್ತು ಹಾರುವ ಮಾತೇ ಇರಲಿಲ್ಲ. ಆಮೇಲೆ ಪಂಪಿನಿಂದ ಒತ್ತಿ, ಸೂಜಿಯ ಬಾಯಿಂದ ಎಣ್ಣೆ ಚಿಮ್ಮಿಸುವುದನ್ನು ಕಲಿತರು ನೋಡು, ಆಗ ಡೀಸೆಲ್ ನೆಲ ಬಿಟ್ಟಿತು. ನೀನು ಆ ಸೂಜಿಯ ಬೆನ್ನಿಗೇ ಬಿದ್ದೆ. ಸಣ್ಣ ವಿಮಾನಕ್ಕೆ ಹೊಂದುವ, ಅಂಥ ಸೂಜಿಯಿರುವ ಒಂದು ಇಂಜೆಕ್ಟರನ್ನು ವರ್ಷಗಟ್ಟಲೆ ಉಜ್ಜಿ ಉಜ್ಜಿ ಮಾಡಿದೆ. ನೀರು ಸೋಕಿಸಬೇಡ, ಒಂದು ಹನಿ ಸಾಕು, ತುಕ್ಕು ಹಿಡಿದು ಸೂಜಿ ಕಚ್ಚಿಕೊಳ್ಳುತ್ತದೆ ಎಂದು ಕಲಿಸಿದವನು ನಾನೇ. ನಿಮ್ಮ ದೊಡ್ಡಮ್ಮ ಬಾಗಿಲಲ್ಲಿ ನಿಂತು, "ರೀ, ನಿಮ್ಮಿಬ್ರ ವಿಮಾನ ಏಳೋದ್ರೊಳಗೆ ಈ ಉಪ್ಪಿಟ್ಟು ಕಲ್ಲಾಗುತ್ತೆ, ಬನ್ನಿ" ಅನ್ನುತ್ತಿದ್ದಳು.

ಆ ಗ್ಯಾರೇಜಿನಿಂದ ನಕ್ಷೆಗಳನ್ನು ಕಳಿಸಿ ಎಂದು ಕೇಳಿದ್ದೀಯ. ಗ್ಯಾರೇಜ್ ಸುಟ್ಟುಹೋಗಿದೆ, ಒಂದು ಹಾಳೆಯೂ ಉಳಿದಿಲ್ಲ. ಇಂಜೆಕ್ಟರನ್ನು ಜೋರ್ಡಾನಿನ ಶಿಬಿರದಲ್ಲಿ ಯಾರೋ ಕದ್ದರು, ಅದಿಲ್ಲದೆ ಜರ್ಮನಿಯವರು ಒಪ್ಪುವುದಿಲ್ಲ ಎಂದಿದ್ದೀಯ. ಇಂಜಿನ್ ಆದರೆ ಅದಕ್ಕೆ ರಾಜಮ್ಮ ಎಂದು ದೊಡ್ಡಮ್ಮನ ಹೆಸರಿಡುತ್ತೇನೆ ಎಂದೂ ಬರೆದಿದ್ದೀಯ. ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಕಳೆದ ವರ್ಷ ಇರಾಕಿನ ಸೈನ್ಯ ಕುವೈತ್ ಹಿಡಿದ ಮೇಲೆ ನಾವು ಮೂವರೂ ಜೋರ್ಡಾನಿಗೆ ಬಸ್ಸು ಹತ್ತಿದೆವು. ದೊಡ್ಡಮ್ಮನ ಸಕ್ಕರೆ ಕಾಯಿಲೆಯ ಇನ್ಸುಲಿನ್ ಇದ್ದ ಐಸ್ ಪೆಟ್ಟಿಗೆಯನ್ನು ನೀನು ತೊಡೆಯ ಮೇಲೆ ಇಟ್ಟುಕೊಂಡೆ. ದಿನವೂ ಸಿರಿಂಜ್ ತುಂಬಿ ಕೊಡುತ್ತಿದ್ದವನು ನೀನೇ. ದಾರಿಯಲ್ಲಿ ಸೈನಿಕರು ಯಂತ್ರದ ಬಿಡಿಭಾಗ ಕಂಡರೆ ಕಿತ್ತುಕೊಳ್ಳುತ್ತಿದ್ದರು; ಔಷಧದ ಪೆಟ್ಟಿಗೆ ಎಂದರೆ ಮಾತ್ರ "ಯಲ್ಲಾ, ಯಲ್ಲಾ" ಎಂದು ಮುಂದಕ್ಕೆ ಹೋಗಲು ಬಿಡುತ್ತಿದ್ದರು. ಬಾಗ್ದಾದಿನಲ್ಲಿ ನನ್ನ ಕೈಗಡಿಯಾರ ಕೊಟ್ಟು ಐಸ್ ತಂದೆ. ನೀನು ಅದನ್ನೂ ಪೆಟ್ಟಿಗೆಯನ್ನೂ ಬಸ್ಸಿನ ಹಿಂದಕ್ಕೆ ಒಯ್ದು, ಬಂದು, "ತುಂಬ್ದೆ ದೊಡ್ಡಪ್ಪ" ಎಂದೆ. ಸ್ವಲ್ಪ ದೂರ ಹೋದ ಮೇಲೆ ಅವಳು ಪೆಟ್ಟಿಗೆ ಮುಟ್ಟಿ, "ರೀ, ಇದು ಬಿಸಿ ಇದ್ಯಲ್ರೀ" ಎಂದಳು. "ಸುಮ್ನಿರೇ, ಇಂಜಿನಿಯರ್ ಕೈಲಿದೆ" ಎಂದು ಗದರಿದೆ. ನೀನು ಕಿಟಕಿಯಾಚೆ ನೋಡುತ್ತಿದ್ದೆ.

ಶಿಬಿರದಲ್ಲಿ ಚುಚ್ಚಿದ ಮದ್ದು ಕೆಲಸ ಮಾಡಲಿಲ್ಲ. ತೀರದ ಬಾಯಾರಿಕೆ, ವಾಂತಿ, ಆಮೇಲೆ ಏದುಸಿರು. ನೀನು ಡಾಕ್ಟರನ್ನು ಕರೆಯಲು ಓಡಿದಾಗ ನಾನು ಪೆಟ್ಟಿಗೆ ತೆರೆದೆ. ಐಸ್ ಇರಬೇಕಾದ ಜಾಗದಲ್ಲಿ ಎಣ್ಣೆ ಕಾಗದ ಸುತ್ತಿದ ನಿನ್ನ ಇಂಜೆಕ್ಟರ್. ಇನ್ಸುಲಿನ್ ಶೀಶೆ ಕೈ ಸುಡುತ್ತಿತ್ತು. ಸೂಜಿಗೆ ಮಾತ್ರ ಒಂದು ಹನಿ ನೀರು ತಾಗಿರಲಿಲ್ಲ. ಎಷ್ಟು ಚೆನ್ನಾಗಿ ಕಲಿತಿದ್ದೆ ನೀನು!

ಕಳ್ಳ ಯಾರೂ ಇಲ್ಲ, ಮಗು. ತೆಗೆದುಕೊಂಡವನು ನಾನು. ಅವಳನ್ನು ಆ ಮರಳಿನಲ್ಲಿ ಮಣ್ಣು ಮಾಡುವಾಗಲೂ ಅದು ನನ್ನ ಜೇಬಿನಲ್ಲಿತ್ತು. ನೀನು ಅತ್ತು, ಎದ್ದು, ಡೇರೆಯೊಳಗೆಲ್ಲ ಅದನ್ನು ಹುಡುಕಿದೆ. ನಾನು ನೋಡುತ್ತ ಕುಳಿತೆ. ಊರಿಗೆ ಮರಳಿದ ಮೇಲೆ ತುಮಕೂರಿನಲ್ಲಿ ನಿನ್ನ ತಾಯಿ, "ನನ್ ಮಗ ಅಕ್ಕನ ಮದ್ದನ್ನ ದಾರಿಯುದ್ದಕ್ಕೂ ತೊಡೆ ಮೇಲಿಂದ ಇಳಿಸ್ಲಿಲ್ವಂತೆ" ಎಂದು ಬಂದವರಿಗೆಲ್ಲ ಹೇಳುವಾಗ ನೀನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದೆ. ಇವತ್ತಲ್ಲ ನಾಳೆ ಬಾಯಿ ಬಿಡುತ್ತಾನೆ ಎಂದು ಕಾದೆ. ಬಂದದ್ದು ಈ ಕಾಗದ.

ಬಯ್ಯುತ್ತಿಲ್ಲ. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಬೆಳೆದವನು ನೀನು. ಜರ್ಮನಿಯಲ್ಲಿ ಚಳಿ ಜಾಸ್ತಿಯಂತೆ, ಒಳ್ಳೆಯ ಉಣ್ಣೆಯ ಸ್ವೆಟರ್ ತೆಗೆದುಕೋ. ಇಲ್ಲಿ ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿವೆ. ಆ ಹೊಗೆಯ ಕತ್ತಲಿಗೆ ಮಧ್ಯಾಹ್ನವೇ ದೀಪ ಹಾಕಿಕೊಂಡು ಬರೆಯುತ್ತಿದ್ದೇನೆ.

ನಿನ್ನ ಒಳಿತನ್ನೇ ಬಯಸುವ ದೊಡ್ಡಪ್ಪ,
ತಿಮ್ಮರಾಯಪ್ಪ

ಮರೆತಿದ್ದೆ: ಬೊನವೆಂಚರ್ ಮೊನ್ನೆ ರಜೆಗೆ ಊರಿಗೆ ಹೊರಟ. ಇಂಜೆಕ್ಟರನ್ನು ಅವನ ಕೈಯಲ್ಲಿ ಕಳಿಸಿದ್ದೇನೆ, ನಿನಗಲ್ಲ, ನಿನ್ನ ತಾಯಿಗೆ. "ಇದು ನಿನ್ನ ಅಕ್ಕನ ಮದ್ದಿನ ಪೆಟ್ಟಿಗೆಯಲ್ಲಿ ಸಿಕ್ಕಿತಮ್ಮಾ, ಅಲ್ಲಿಗೆ ಹೇಗೆ ಬಂತೆಂದು ಪೃಥ್ವಿ ಹೇಳುತ್ತಾನೆ, ಹೇಳಿದ ಮೇಲೆ ಅವನಿಗೆ ಕೊಡು" ಎಂದು ಅವಳಿಗೆ ಹೇಳಿ ಕಳಿಸಿದ್ದೇನೆ. ನೀನು ಇದನ್ನು ಓದುವ ಹೊತ್ತಿಗೆ ಅವಳು ಅದನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ನಿನ್ನ ದಾರಿ ಕಾಯುತ್ತಿರುತ್ತಾಳೆ.