ಸೊಳ್ಳೆಪರದೆಯೊಳಗಿನ ಸ್ಟ್ರಾಬೆರಿ

ಏಪ್ರಿಲ್ 27, ಬೆಳಗ್ಗೆ

ಬೀನ್ಸ್ ಬಿತ್ತಿದ್ದಾಯಿತು. ಟೊಮೆಟೊಗೆ ಕೋಲು ಕಟ್ಟಿದೆ. ಗುಲಾಬಿ ನಾಳೆಗೆ. ಬಿಸಿಲೇರುವ ಮೊದಲೇ ಒಳಗೆ ಬಂದೆ. ಜೇನುಹುಳುಗಳು ಏಳುವ ಮೊದಲು ಎಂದು ನೇರವಾಗಿ ಬರೆದರೇನು? ಇದನ್ನು ಓದುವವರು ಯಾರಿದ್ದಾರೆ...

ಹಿತ್ತಲ ಮೆಟ್ಟಿಲಲ್ಲಿ ಜಾರಿ ಹೆಂಡತಿಯ ಕಾಲು ಮುರಿದು ಒಂದು ವಾರ. ಮಂಡಿಯವರೆಗೆ ಪ್ಲಾಸ್ಟರ್. ತೋಟ ನನ್ನ ತಲೆಗೆ ಬಂತು. ಇಷ್ಟು ವರ್ಷ ಅದನ್ನು ಅಡುಗೆಮನೆಯ ಗಾಜಿನಿಂದಲೇ ನೋಡಿದವನು. ಇವಳಿಟ್ಟ ಹೆಸರು — ಕಿಟಕಿ ಯಜಮಾನರು.

ರೇನ್‌ಕೋಟು, ಕೈಗವಸು, ಡ್ಯೂಟಿಯ ಹೆಲ್ಮೆಟ್ಟು, ಅದರ ಸುತ್ತ ಸೊಳ್ಳೆಪರದೆಯ ತುಂಡು. ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ಟೀಚರ್, "ಏನ್ ಸಾರ್, ಚಂದ್ರಲೋಕಕ್ಕೆ ಹೊರಟ್ರಾ?" ನಗಲಿ. ಲಿಫ್ಟ್ ಮೆಕ್ಯಾನಿಕ್ ನಾನು. ಬಾವಿಯಂಥ ಶಾಫ್ಟುಗಳಲ್ಲಿ ನೇತಾಡಿದ್ದೇನೆ, ಎದೆ ಡವಗುಟ್ಟಿಲ್ಲ. ಆದರೆ ಎಷ್ಟೋ ವರ್ಷದ ಹಿಂದೆ ಒಂದೇ ಒಂದು ಜೇನು ಕುತ್ತಿಗೆಗೆ ಕಚ್ಚಿ, ಗಂಟಲು ಊದಿ, ಉಸಿರು ಸಿಗದೆ ಆಸ್ಪತ್ರೆ ಸೇರಿದೆ. "ಇನ್ನೊಂದು ಸಲ ಕಚ್ಚಿಸ್ಕೊಂಡ್ರೆ ಜೀವಕ್ಕೇ ಅಪಾಯ" ಎಂದರು ಡಾಕ್ಟರು. ಅಂದಿನಿಂದ, ಕಚ್ಚಿದ ಕೂಡಲೇ ಚುಚ್ಚಿಕೊಳ್ಳುವ ಇಂಜೆಕ್ಷನ್ ಪೆನ್ನು ಸದಾ ಜೇಬಿನಲ್ಲಿ.

ಮೇ 3

ಬೀನ್ಸ್ ಎದ್ದಿದೆ. ಕತ್ತು ಬಗ್ಗಿಸಿಕೊಂಡು, ತಾನು ಹುಟ್ಟಿದ ಬೀಜವನ್ನೇ ತಲೆ ಮೇಲೆ ಹೊತ್ತುಕೊಂಡು. ಒಂದು ಮೊಳಕೆ ತನಗಿಂತ ದೊಡ್ಡ ಕಲ್ಲನ್ನು ಎತ್ತಿ ಪಕ್ಕಕ್ಕೆ ಸರಿಸಿದೆ. ನಾವಾದರೆ ಜ್ಯಾಕ್ ಇಡುತ್ತೇವೆ. ಇದಕ್ಕೆ ಎಲ್ಲಿಂದ ಬಂತು ಇಷ್ಟು ಬಲ? ಕೂತು ನೋಡುತ್ತಲೇ ಇದ್ದೆ. ಒಳಗಿನಿಂದ ಇವಳು — "ರೀ, ಬದುಕಿದ್ದೀರಾ?"

ಸ್ಟ್ರಾಬೆರಿ ಪಾತಿಯ ತುಂಬ ಬಿಳಿ ಹೂ. ಹೂವಿದ್ದಲ್ಲಿ ಜೇನುಹುಳುಗಳು ಬಂದೇ ಬರುತ್ತವೆ. ಪಾತಿ ಇರುವುದು ಬಾಗಿಲ ಮಗ್ಗುಲಲ್ಲೇ. ಉಳಿದ ಸೊಳ್ಳೆಪರದೆಯನ್ನು ಹೊದಿಸಿ ಅಂಚಿಗೆ ಇಟ್ಟಿಗೆ ಇಟ್ಟೆ. ಕೊನೆಯ ಎರಡು ಗಿಡಕ್ಕೆ ಸಾಲಲಿಲ್ಲ.

ಅವಳ ಕುರ್ಚಿಯಿಂದ ಪಾತಿ ಕಾಣುವುದಿಲ್ಲ. "ಹಕ್ಕಿ ಬರದ ಹಾಗೆ ಬಲೆ ಹಾಕಿದೆ" ಅಂದೆ. "ಜಾಣರು" ಅಂದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವಳ ಮುಖ ನೋಡದೆ ಪಾತ್ರೆ ತೊಳೆದೆ.

ಮೇ 9

ಬಟಾಣಿ ಬಳ್ಳಿಯ ಎಳೆ ನಿನ್ನೆ ಗಾಳಿಯಲ್ಲಿ ತಡಕಾಡುತ್ತಿತ್ತು. ಇಂದು ತಂತಿಗೆ ಸುತ್ತು ಹಾಕಿಕೊಂಡಿದೆ. ಸ್ಪ್ರಿಂಗಿನಷ್ಟು ಬಿಗಿ. ಕಣ್ಣಿಲ್ಲದ ಎಳೆ, ತಂತಿ ಎಲ್ಲಿದೆಯೆಂದು ಅದಕ್ಕೆ ಹೇಳಿದವರು ಯಾರು?

ಮೇ 21, ಸಂಜೆ

ಮೊದಲ ಸ್ಟ್ರಾಬೆರಿ ಕೆಂಪಾಗಿವೆ. ಒಂದಕ್ಕೂ ನೆಟ್ಟಗಿನ ಮೈಯಿಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ಮುದುಡಿದ ಗಂಟು. ಹೊರಗುಳಿದ ಆ ಎರಡು ಗಿಡಗಳವು ಮಾತ್ರ ದುಂಡಗೆ. ನನಗೆ ತಿಳಿಯಲಿಲ್ಲ. ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಅವಳ ಮುಂದಿಟ್ಟೆ.

ಒಂದು ಸೊಟ್ಟ ಹಣ್ಣನ್ನು ತಿರುಗಿಸಿ ನೋಡಿದಳು. "ಹಾಕಿದ್ದು ಹಕ್ಕಿ ಬಲೆ ಅಲ್ಲ, ಅಲ್ವಾ?"

ತಟ್ಟೆಯ ಅಂಚನ್ನು ಒರೆಸತೊಡಗಿದೆ.

"ಸೊಳ್ಳೆಪರದೆ?"

"ಹೂಂ."

ಬೈಯಲಿಲ್ಲ. ದುಂಡಗಿನ ಹಣ್ಣನ್ನು ನನ್ನ ಅಂಗೈಗಿಟ್ಟಳು. "ಮೇಲಿನ ಚುಕ್ಕಿ ನೋಡಿ. ಒಂದೊಂದೂ ಒಂದು ಬೀಜ. ಹುಳ ಬಂದು ಹೂವಿನ ಮೇಲೆಲ್ಲಾ ಓಡಾಡಿ, ಯಾವ ಚುಕ್ಕಿಗೆ ಪರಾಗ ಮುಟ್ಟಿಸುತ್ತೋ ಅದರ ಕೆಳಗೆ ಮಾತ್ರ ಹಣ್ಣು ಉಬ್ಬುತ್ತೆ. ಮುಟ್ಟದೇ ಇದ್ದ ಕಡೆ ಹೀಗೇ."

ಚುಕ್ಕಿಗಳನ್ನು ನೋಡಿದೆ. ಅಷ್ಟೂ ಕಡೆ ಅದರ ಕಾಲು ತಾಗಿದೆ. ಇಷ್ಟು ವರ್ಷ ನಾನು ತಿಂದ ಪ್ರತಿ ಹಣ್ಣೂ ನನಗೆ ಜೀವಭಯ ಹುಟ್ಟಿಸುವ ಆ ಹುಳುವಿನ ಕೈಕೆಲಸ.

"ತೆಗೀತೀನಿ" ಅಂದೆ.

"ಬೇಡ, ಇರಲಿ ಬಿಡಿ. ಹಣ್ಣು ಸೊಟ್ಟಗಿದ್ರೆ ಏನಾಯ್ತು? ನೀವು ನೆಟ್ಟಗಿದ್ರೆ ಸಾಕು ನಂಗೆ."

ಮೇ 22

ನಸುಕಿನಲ್ಲೇ ಹೋಗಿ ಪರದೆ ತೆಗೆದೆ. ಹೊಸ ಹೂಗಳಿವೆ ಇನ್ನೂ. ಅವಳಿಗೆ ಹೇಳಿಲ್ಲ.

ಮೇ 24, ಭಾನುವಾರ

ಇದನ್ನು ಬರೆದೇ ಮಲಗಬೇಕು.

ಬಿಸಿಲು ಬೇಕೆಂದಳು. ಪ್ಲಮ್ ಮರದಡಿ ಕುರ್ಚಿ ಹಾಕಿ ಕೂರಿಸಿ, ಪ್ಲಾಸ್ಟರಿನ ಕಾಲು ಸ್ಟೂಲಿನ ಮೇಲಿಟ್ಟು, ಊರುಗೋಲನ್ನು ಬೊಡ್ಡೆಗೆ ಒರಗಿಸಿ ಒಳಗೆ ಬಂದೆ. ಸ್ವಲ್ಪ ಹೊತ್ತಿಗೆ ಒಂದು ಸದ್ದು. ಬೇರಿಂಗ್ ಹೋದ ಮೋಟಾರಿನ ಹಾಗೆ. ಗಾಜಿನಿಂದ ನೋಡಿದರೆ ಹಿತ್ತಲ ಮೇಲಿನ ಆಕಾಶವೇ ಕಂದು. ಸಾವಿರ ಸಾವಿರ ಹುಳು, ಸುತ್ತುತ್ತಾ ಸುತ್ತುತ್ತಾ ಪ್ಲಮ್ ಕೊಂಬೆಗೆ ಇಳಿಯುತ್ತಿವೆ. ಇವಳ ತಲೆಯ ಮೇಲೆ. ಊರುಗೋಲಿನ ಮೇಲೂ ಅವೇ.

ಬಾಗಿಲು ತೆರೆದೆ. ಅವಳು ಅಲ್ಲಿಂದಲೇ ಕೈಯಲ್ಲಿ ಸನ್ನೆ ಮಾಡಿದಳು — ಬರಬೇಡಿ.

ಹೆಲ್ಮೆಟ್ಟು ಮೊಳೆಯಲ್ಲೇ ಇತ್ತು. ನೆನಪಾದದ್ದು ಆಮೇಲೆ. ನಿಧಾನವಾಗಿ ನಡೆದೆ. ಇಂಜೆಕ್ಷನ್ ಪೆನ್ನನ್ನು ಅವಳ ಕೈಗೆ ಕೊಟ್ಟೆ. "ನಾನು ಬಿದ್ರೆ ತೊಡೆಗೆ ಚುಚ್ಚು."

"ತಲೆ ಕೆಟ್ಟಿದೆಯಾ ನಿಮಗೆ? ಹೋಗಿ ಒಳಗೆ."

ಎತ್ತಿಕೊಂಡೆ. ಆಗಲೇ ಒಂದು ಬಂದು ಮಣಿಕಟ್ಟಿನ ಮೇಲೆ ಕೂತಿತು. "ಅಲ್ಲಾಡಬೇಡಿ" ಎಂದು ಕಿವಿಯಲ್ಲಿ ಹೇಳಿದಳು. ಅಲ್ಲಾಡಲಿಲ್ಲ. ಅದು ಹೆಬ್ಬೆರಳಿನ ಉಗುರಿನವರೆಗೆ ನಡೆದು ಹೋಗಿ, ಮುಂಗಾಲಿನಲ್ಲಿ ಮುಖ ಒರೆಸಿಕೊಂಡು, ಹಾರಿತು. ಅಷ್ಟೇ.

ತಲೆ ಎತ್ತಿದೆ. ಕೊಂಬೆಯಲ್ಲಿ ತುಂಬಿದ ಚೀಲದ ಹಾಗೆ ನೇತಾಡುತ್ತಿತ್ತು ಗುಂಪು. ಒಂದರ ಕಾಲು ಒಂದು ಹಿಡಿದು, ಹಗ್ಗವಿಲ್ಲ, ಕೊಕ್ಕೆಯಿಲ್ಲ. ಮೇಲಿನವು ಅಷ್ಟೂ ಭಾರ ಹೊತ್ತಿವೆ. ಆ ಗುಂಯ್ ಸದ್ದು ಹಲ್ಲಿನ ಬೇರಿಗೆ ಇಳಿಯಿತು. ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ಅವಳನ್ನು ಎತ್ತಿಕೊಂಡೇ ನಿಂತೆ. ಇಂಥದ್ದನ್ನು ಗಾಜಿನ ಹಿಂದೆ ನಿಂತು ಕಳೆದುಕೊಂಡೆನಲ್ಲ ಎಂದು ಅಳು ಬಂತು.

"ಭಾರ ಅಲ್ವಾ ರೀ?"

"ಬಳ್ಳಿಗೆ ಕಾಯಿ ಭಾರನಾ?"

"ಕಾಯಿ ಜೊತೆ ಪ್ಲಾಸ್ಟರೂ ಇದೆ. ನಡೀರಿ."

ಸಂಜೆ ಟೀಚರ್ ಫೋನು ಮಾಡಿ ಜೇನು ಸಾಕುವವರನ್ನು ಕರೆಸಿದರು. ಕೊಂಬೆ ಕೊಡವಿ ಗುಂಪನ್ನು ಪೆಟ್ಟಿಗೆಗೆ ಇಳಿಸಿಕೊಂಡರು. "ಹಳೇ ಗೂಡು ಬಿಟ್ಟು ಹೊರಟವು ಸಾರ್ ಇವು. ಕಾಯೋಕೆ ಮನೆಯೇ ಇಲ್ಲ, ಸುಮ್ಮನೆ ಯಾಕೆ ಕಚ್ಚುತ್ತವೆ? ಆದ್ರೂ ನಿಮ್ಮಂಥವರು ಹತ್ತಿರ ಹೋಗಬಾರದಿತ್ತು." ಗೇಟಿನ ಬಳಿ ತಿರುಗಿ, "ಎರಡು ಬೀದಿ ಆಚೆ ನಮ್ಮನೆ. ನಾಳೆಯಿಂದ ಊಟಕ್ಕೆ ನಿಮ್ಮ ತೋಟಕ್ಕೇ ಬರ್ತವೆ."

ಅವರು ಹೋದ ಮೇಲೆ ಇವಳ ಪಕ್ಕ ಬಂದು ಕೂತೆ. ಪೆನ್ನು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಬಿಡಿಸಿಕೊಳ್ಳುವುದು ಕಷ್ಟವಾಯಿತು.

ಜೂನ್ 14, ನಡುಮಧ್ಯಾಹ್ನ

ಹೊರಗೆ ಕೂತು ಬರೆಯುತ್ತಿದ್ದೇನೆ. ಮೊದಲ ಸಲ. ಇಂಜೆಕ್ಷನ್ ಪೆನ್ನು ಜೇಬಿನಲ್ಲಿದೆ, ಹೆಲ್ಮೆಟ್ಟು ಒಳಗಿದೆ. ಹೆದರಿಕೆ ಹೋಗಿದೆಯೆಂದರೆ ಸುಳ್ಳು. ಆದರೂ ಇಲ್ಲಿಯೇ ಇರಬೇಕೆನಿಸುತ್ತದೆ.

ಪ್ಲಾಸ್ಟರ್ ಬಿಚ್ಚಿದ್ದಾರೆ. ಬೀನ್ಸ್ ಸಾಲಿನಲ್ಲಿ ಇವಳು ಕುಂಟುತ್ತಾ, "ಇದೇನ್ರೀ ಗಂಟು, ಲಿಫ್ಟ್ ಕಟ್ಟಿದ್ದೀರಾ?" ಎಂದು ನನ್ನ ಕೆಲಸಕ್ಕೆ ತಪ್ಪು ಹುಡುಕುತ್ತಿದ್ದಾಳೆ. ಪರದೆ ತೆಗೆದ ಮೇಲೆ ಬಂದ ಸ್ಟ್ರಾಬೆರಿ ತಟ್ಟೆಯಲ್ಲಿವೆ. ಎಲ್ಲವೂ ದುಂಡಗೆ. ತಿನ್ನಲು ಮನಸ್ಸು ಬಾರದೆ ಚುಕ್ಕಿಗಳನ್ನೇ ನೋಡುತ್ತಿದ್ದೇನೆ.

ಜೇನುಹುಳು ಒಂದು ಬಂತು. ತಟ್ಟೆಯ ಅಂಚಿನಲ್ಲಿ ಕೂತಿತ್ತು, ಈಗ ಪುಟಕ್ಕೆ ಇಳಿದಿದೆ. ಈ ಸಾಲಿನ ಮುಂದೆಯೇ ನಿಂತು ಮುಖ ಒರೆಸಿಕೊಳ್ಳುತ್ತಿದೆ. ಅವಸರವಿಲ್ಲ, ಅದು ತಾನಾಗಿ ಏಳುವವರೆಗೆ...