ಒಂದ ಕಣ್ಣಿನ ದುರ್ಬೀನು

ಇಲ್ಲಿ ನೋಡ್ರಿ,

ತಂಗಿ ಕಾಶೆವ್ವಗ ಹೆರಿಗಿ ಬ್ಯಾನಿ ಸುರುವಾಗ್ಯಾವಂತ. ಕಲ್ಲೋಳಿಯಿಂದ ಚಕ್ಕಡಿ ಬಂದು ಬಾಗಲದಾಗ ನಿಂತೈತಿ. ನೀವು ಹೊಲದಿಂದ ಬರೂತನಕ ಕಾಯಾಕ ಆಗಂಗಿಲ್ಲ. ಬೆಳಗಿನಿಂದ ದುಡದು ಮೈ ಹಣ್ಣಾಗೈತಿ, ಅದರ ಮ್ಯಾಲ ಈ ಹಾದಿ ಬ್ಯಾರೆ.

ರೊಟ್ಟಿ ಬುಟ್ಟ್ಯಾಗ ಅದಾವು. ಎಮ್ಮಿಗೆ ಹಿಂಡಿ ನೆನಿ ಇಟ್ಟೇನಿ, ಮರೀಬ್ಯಾಡ್ರಿ.

ಸಂಜೀಕ ಗೋಕಾಕದ ಅಂಗಡಿ ಅಲ್ಲಪ್ಪ ಬರತಾನ. ನೋಡಾಕಂತ ಬಿಟ್ಟುಹೋದ ಎರಡು ದುರ್ಬೀನಿನಾಗ ಒಂದನ್ನ ತಿರುಗಿ ಕೊಟ್ಟುಬಿಡ್ರಿ. ಯಾವುದು ಇಟ್ಟುಕೊಳ್ಳಲಿ ಅಂತ ನೀವು ದಿನಾ ಕೇಳೂದು ಕೇಳಿ ನನಗ ಸಾಕಾಗೈತಿ. ಎರಡೂ ಕಣ್ಣಿಗೆ ಹಚ್ಚೋದನ್ನ ಕೊಳ್ಳಾಗ ಹಾಕ್ಕೊಂಡರ ಎತ್ತಿಗೆ ಗಂಟಿ ಕಟ್ಟಿದಂಗ ಕಾಣತೈತಿ. ಒಂದ ಕಣ್ಣಿಗೆ ಹಚ್ಚೋದು ಅಂಗಿ ಕಿಸೇದಾಗ ಕೂಡತೈತಿ. ಹಕ್ಕಿ ನೋಡಾಕ ಧುಪದಾಳದ ಒಡ್ಡು ಹತ್ತುವಾಗ ಕೈ ಖಾಲಿ ಇರತಾವು. ನಾ ಮಾಳಿಗಿ ಹತ್ತಿ ಎರಡರಾಗೂ ನೋಡೇನಿ, ಕೊಕ್ಕರಿ ಅಷ್ಟಽ ದೊಡ್ಡವು ಕಾಣತಾವು. ಸಣ್ಣದನ್ನಽ ಇಟ್ಟುಕೊಳ್ರಿ.

"ಎರಡೂ ಕಣ್ಣಿಂದ ನೋಡೋ ಸುಖನಽ ಬ್ಯಾರೆ" ಅಂತ ಅಲ್ಲಪ್ಪನ ಮುಂದ ಹೇಳಿದಿರಿ. ಹೇಳ್ರಿ, ಅವಗೇನು ಗೊತ್ತು. ಕಟ್ಟಿಕೊಂಡ ಹೆಂಡತಿ ಮುಂದ ಅದು ಬ್ಯಾಡ. ನಿಮಗ ಎಡಗಣ್ಣು ಕಾಣಂಗಿಲ್ಲ ಅನ್ನೂದು ಹ್ವಾದ ಸುಗ್ಗಿಯಿಂದ ನನಗ ಗೊತ್ತೈತಿ. ಊಟಕ್ಕ ಕುಂತಾಗ ಎಡಕ್ಕಿದ್ದ ತಂಬಿಗಿ ಮತ್ತ ಮತ್ತ ಕೆಡವತಿದ್ರಿ. ಅವತ್ತಿಂದ ನೀರು ಬಲಕ್ಕ ಇಡಾಕತ್ತೇನಿ. ನೀವು ಯಾಕಂತ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇವತ್ತೂ ಬಲಕ್ಕಽ ಇಟ್ಟೇನಿ.